ಆನ್‌ರೋಡ್ ಬೆಲೆಯಲ್ಲಿ ರಸ್ತೆಯ ಬೆಲೆ ಎಲ್ಲಿದೆ?

ಕೋಲಾರ ಜಿಲ್ಲೆಯ ಆವಣಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಮನಸ್ಸಿನ ಅನುಮಾನ ಹೋಗದಿದ್ದರೆ ನೊಗಕ್ಕೆ ಹೂಡಿ ಎಳೆಸುತ್ತಾನೆ. ಇಷ್ಟೆಲ್ಲ ಆದ ಮೇಲೆ ದಲ್ಲಾಳಿಯ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಸರಿಬಾರದಿದ್ದರೆ ಹಗ್ಗ ಕೈಬಿಟ್ಟು ಮುಂದಿನ ಜೋಡಿಯ ಕಡೆಗೆ ನಡೆಯುತ್ತಾನೆ. ಅವನನ್ನು ಯಾರೂ ಜಿಪುಣನೆಂದು ಹಂಗಿಸುವುದಿಲ್ಲ, ತಿಳಿದವನೆಂದು ಮೆಚ್ಚುತ್ತಾರೆ.

ಅದೇ ರೈತನ ಮೊಮ್ಮಗ ಇಂದು ಕಾರಿನ ಷೋರೂಮಿಗೆ ಕಾಲಿಟ್ಟಾಗ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಹೊಳೆಯುವ ನೆಲ, ತಣ್ಣನೆಯ ಗಾಳಿ, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಷ್ಟೇ ನಯವಾಗಿ ಮಾತನಾಡುವ ಯುವಕ. 'ಕೂತ್ಕೊಳಿ ಸಾರ್, ಕಾಫಿನಾ ಟೀನಾ?' ಎಂಬ ಉಪಚಾರದ ಬೆನ್ನಿಗೇ ಬರುವ ಪ್ರಶ್ನೆ ಒಂದೇ: 'ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ ಸಾರ್?' ಹಲ್ಲು ನೋಡುವ ಹಕ್ಕು ಕೊಳ್ಳುವವನಿಂದ ಮಾರುವವನಿಗೆ ಹೋದುದು ಈ ಒಂದು ಪ್ರಶ್ನೆಯಿಂದ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಕಾರಲ್ಲ, ಗಿರಾಕಿಯ ಸಂಬಳ.

ಬಂಗಾರಪೇಟೆ, ಕೆಜಿಎಫ್‌ಗಳ ಕಾರಿನ ವ್ಯಾಪಾರ ಮಲೆನಾಡಿನ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಕೋಲಾರ, ಮುಳಬಾಗಿಲುಗಳನ್ನು ಬೆಂಗಳೂರಿಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75 ಅಲ್ಲಿಗೇ ನಿಲ್ಲುವುದಿಲ್ಲ. ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಬಯಲುಸೀಮೆಯಲ್ಲಿ ಮಾರಾಟವಾಗುವ ಒಂದೊಂದು ಕಾರೂ ವಾರಾಂತ್ಯದಲ್ಲಿ ಬೆಟ್ಟ ಹತ್ತುವ ಕಾರೇ. 2018ರ ಮಳೆಗಾಲದಲ್ಲಿ ಶಿರಾಡಿ ಕುಸಿದು ಸಂಚಾರ ನಿಂತುದನ್ನೂ 2024ರ ಜುಲೈನಲ್ಲಿ ದೊಡ್ಡತೊಪ್ಪಲು ಬಳಿ ಗುಡ್ಡ ಜರಿದುದನ್ನೂ ಮಲೆನಾಡಿನವರು ಮರೆತಿಲ್ಲ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಬೇಕಾಗಿ ಬಂದುದೂ ತಿಳಿದ ಸಂಗತಿಯೇ. ಗುಡ್ಡ ಕಡಿಯುವ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು ತಯಾರಿಸುವ ಬಿಇಎಂಎಲ್ ಕಾರ್ಖಾನೆ 1964ರಲ್ಲಿ ಹುಟ್ಟಿದ ಸಂಸ್ಥೆ, ಇರುವುದು ಕೆಜಿಎಫ್‌ನಲ್ಲಿ. ಹೀಗಿರುವಾಗ ಗಣಿಯೂರಿನ ಮಾತು ಘಟ್ಟದ ಮಾತೂ ಹೌದು.

ಹತ್ತು ನಿಮಿಷದ ಸವಾರಿ

'ಟೆಸ್ಟ್ ಡ್ರೈವ್' ಎಂಬುದು ಹೆಸರಿಗೆ ಪರೀಕ್ಷೆ. ಆದರೆ ಪ್ರಶ್ನೆಪತ್ರಿಕೆಯನ್ನು ಬರೆದವರೂ ಪರೀಕ್ಷೆಯ ದಾರಿಯನ್ನು ಆರಿಸಿದವರೂ ಮಾರುವವರೇ. ದಾರಿ ನುಣುಪಾದ ಡಾಂಬರು. ಹೊತ್ತು ಹತ್ತು ನಿಮಿಷ. ಗಾಡಿಯಲ್ಲಿ ಇಬ್ಬರೇ ಜನ. ತಂದು ನಿಲ್ಲಿಸುವ ಕಾರು ಬಹುಪಾಲು ಅತ್ಯಂತ ದುಬಾರಿ ಮಾದರಿ. ಗಿರಾಕಿಯ ಕೈಗೆ ಎಟಕುವುದು ಅದೇ ಹೆಸರಿನ, ಅರ್ಧ ಸೌಲಭ್ಯಗಳಿಲ್ಲದ ಕೆಳಗಿನ ಮಾದರಿ. ಓಡಿಸಿ ನೋಡಿದ್ದು ಒಂದು, ಮನೆಗೆ ಬರುವುದು ಇನ್ನೊಂದು. ಜಾತ್ರೆಯಲ್ಲಿ ಯಾವ ದಲ್ಲಾಳಿಯಾದರೂ ಒಂದು ಎತ್ತಿನ ಹಲ್ಲು ತೋರಿಸಿ ಇನ್ನೊಂದರ ಹಗ್ಗ ಕೊಟ್ಟಿದ್ದರೆ ಅವನು ಮರುವರ್ಷ ಜಾತ್ರೆಗೆ ಬರುವಂತಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ ಹೆದ್ದಾರಿಯ ಕರ್ನಾಟಕ ಭಾಗ, ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 70 ಕಿಲೋಮೀಟರ್, ಸಂಚಾರಕ್ಕೆ ತೆರೆದುಕೊಂಡಿತು. ಅಂಥ ರಸ್ತೆಯಲ್ಲಿ ಯಾವ ಕಾರು ತಾನೇ ಚೆನ್ನಾಗಿ ಓಡುವುದಿಲ್ಲ? ಪರೀಕ್ಷೆ ನಡೆಯಬೇಕಾದುದು ಕೊಳ್ಳುವವರು ದಿನವೂ ಓಡಾಡುವ ದಾರಿಯಲ್ಲಿ: ಹಂಪುಗಳ ಮೇಲೆ, ಗುಂಡಿಗಳ ನಡುವೆ, ಹಳ್ಳಿಯ ಮಣ್ಣುದಾರಿಯಲ್ಲಿ, ಏರಿನಲ್ಲಿ. ಐದು ಜನರನ್ನು ಕೂರಿಸಿ, ಎಸಿ ಹಾಕಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿದಾಗ ಎಂಜಿನ್ನಿನ ನಿಜವಾದ ಉಸಿರು ಕೇಳುತ್ತದೆ. ಕತ್ತಲಾದ ಮೇಲೆ ಒಮ್ಮೆ ಓಡಿಸಿದರೆ ದೀಪದ ಯೋಗ್ಯತೆ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮನೆಯ ವೃದ್ಧರನ್ನು ಕೂರಿಸಿ ಹತ್ತಿಸಿ ಇಳಿಸಿದರೆ ಬಾಗಿಲಿನ ಎತ್ತರ ತಿಳಿಯುತ್ತದೆ. ಇದನ್ನೆಲ್ಲ ಕೇಳುವುದು ಉಪದ್ರವವಲ್ಲ, ಹಕ್ಕು.

ಈ ಸವಾರಿಗೂ ಕಾನೂನು ಉಂಟು. ಷೋರೂಮಿನ ಗಾಡಿಗೆ ಒಂದೋ ನೋಂದಣಿಯಿರಬೇಕು, ಇಲ್ಲವೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ವ್ಯಾಪಾರಿಗೆ ಕೊಡುವ ಟ್ರೇಡ್ ಸರ್ಟಿಫಿಕೇಟ್ ಇರಬೇಕು. ವಿಮೆ ಇರಲೇಬೇಕು. ಓಡಿಸುವವರ ಬಳಿ ಚಾಲನಾ ಪರವಾನಗಿ ಇರಲೇಬೇಕು. ಸವಾರಿಗೆ ಮುನ್ನ ಸಹಿಗೆಂದು ಒಂದು ಕಾಗದ ಚಾಚಿದರೆ ಅದನ್ನು ಪೂರ್ತಿ ಓದಬೇಕು. ಅಪಘಾತವಾದರೆ ಹೊಣೆ ಯಾರದೆಂಬುದು ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರಬಹುದು.

ಚೌಕಾಸಿಗೆ ಬಿಟ್ಟುಕೊಟ್ಟ ಜಾಗ

ಬೆಲೆಯ ಮಾತು ಬಂದಾಗ ಷೋರೂಮು ಗಿರಾಕಿಗೆ ಒಂದು ಸಣ್ಣ ಅಂಗಳವನ್ನು ಬಿಟ್ಟುಕೊಡುತ್ತದೆ. ಕಾಲುಹಾಸು, ಸೀಟಿನ ಕವರು, ಒಂದು ದೇವರ ಮೂರ್ತಿ, ಐದು ಲೀಟರ್ ಪೆಟ್ರೋಲು. ಗಿರಾಕಿ ಅರ್ಧ ಗಂಟೆ ಹೋರಾಡಿ ಇವನ್ನು ಗೆದ್ದು, ಗೆದ್ದ ಹಿಗ್ಗಿನಲ್ಲಿ ಸಹಿ ಹಾಕುತ್ತಾನೆ. ಅಷ್ಟರಲ್ಲಿ ಚೀಟಿಯ ಮಧ್ಯದ ಸಾಲುಗಳನ್ನು ನೋಡುವ ತ್ರಾಣ ಅವನಲ್ಲಿ ಉಳಿದಿರುವುದಿಲ್ಲ.

ಆ ಸಾಲುಗಳನ್ನು ಬಿಡಿಸಿ ನೋಡಬೇಕು. ಎಕ್ಸ್‌ಷೋರೂಮ್ ಬೆಲೆ ಕಂಪನಿಯದು. ಜೀವಾವಧಿ ತೆರಿಗೆ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷ ರೂಪಾಯಿಯ ಪೆಟ್ರೋಲ್ ಕಾರಿಗೆ ಶೇ. 14, ಅದರ ಮೇಲೆ ಸೆಸ್. ಎಂಟು ಲಕ್ಷದ ಕಾರಿಗೆ ಇದೊಂದೇ ಒಂದೂಕಾಲು ಲಕ್ಷದ ಹತ್ತಿರ ಬರುತ್ತದೆ. ಇವೆರಡರಲ್ಲಿ ಎರಡನೆಯದು ಚೌಕಾಸಿಗೆ ಬಾರದು. ಆದರೆ 'ಹ್ಯಾಂಡ್ಲಿಂಗ್ ಚಾರ್ಜ್' ಎಂದೋ 'ಲಾಜಿಸ್ಟಿಕ್ಸ್' ಎಂದೋ ಸೇರಿಸುವ ಸಾವಿರಗಳು ಯಾವ ಸರ್ಕಾರದ ತೆರಿಗೆಯೂ ಅಲ್ಲ. ಮಾರುವ ವಸ್ತುವನ್ನು ತನ್ನ ಅಂಗಡಿಗೆ ತಂದಿಟ್ಟುಕೊಂಡ ಖರ್ಚನ್ನು ಗಿರಾಕಿಯಿಂದ ಬೇರೆಯಾಗಿ ಕೇಳುವ ಕಿರಾಣಿ ಅಂಗಡಿ ಬಂಗಾರಪೇಟೆಯ ಪೇಟೆಬೀದಿಯಲ್ಲಿ ಉಂಟೇ? 2019ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಕಂಪನಿಯೇ ಒದಗಿಸಬೇಕು; ಅದರ ಹೆಸರಿನಲ್ಲಿ ಬೇರೆ ಸಾಲು ಕಂಡರೆ ಕಾರಣ ಕೇಳಬೇಕು.

ವಿಮೆಯದು ದೊಡ್ಡ ಗಂಟು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆ ಕಡ್ಡಾಯ. ಆದರೆ ಅದನ್ನು ಷೋರೂಮು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ವಿಮಾ ಪ್ರಾಧಿಕಾರ 2017ರಲ್ಲಿ ಜಾರಿಗೆ ತಂದ ಮಾರ್ಗಸೂಚಿ ಗಿರಾಕಿಯ ಆಯ್ಕೆಯನ್ನು ಕಾಪಾಡಿದೆ. 'ಹೊರಗಿನ ಇನ್ಶೂರೆನ್ಸ್ ತಂದರೆ ಡಿಸ್ಕೌಂಟ್ ಇಲ್ಲ' ಎಂಬ ಮಾತು ಒತ್ತಾಯವೇ ಹೊರತು ಸೌಜನ್ಯವಲ್ಲ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆನ್ನುವ ವ್ಯಾಪಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಹತ್ತು ಲಕ್ಷ ರೂಪಾಯಿಯವರೆಗಿನ ಕಾರಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೆಜಿಎಫ್‌ನವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಕೋಲಾರ ಸಾಕು. 1915 ಎಂಬ ಸಹಾಯವಾಣಿಯೂ ಉಂಟು.

ಹಳೆಯ ಗಾಡಿಯ ವಿನಿಮಯದಲ್ಲೂ ಇದೇ ಕೈಚಳಕ. 'ಎಕ್ಸ್‌ಚೇಂಜ್ ಬೋನಸ್' ಎಂದು ಒಂದು ಕೈಯಲ್ಲಿ ಕೊಟ್ಟುದನ್ನು ಹಳೆಯ ಗಾಡಿಯ ಬೆಲೆ ಇಳಿಸಿ ಇನ್ನೊಂದು ಕೈ ಹಿಂದಕ್ಕೆ ಪಡೆಯುತ್ತದೆ. ಆದ್ದರಿಂದ ಹೊಸದರ ಬೆಲೆ, ಹಳೆಯದರ ಬೆಲೆ, ಸಾಲದ ಬಡ್ಡಿ, ವಿಮೆ, ಈ ನಾಲ್ಕನ್ನೂ ನಾಲ್ಕು ವ್ಯಾಪಾರಗಳೆಂದು ಬೇರೆಬೇರೆಯಾಗಿ ಮುಗಿಸಬೇಕು. ಒಂದೇ ಚೀಟಿಯಲ್ಲಿ ಬೆರೆಸಿದರೆ ಗೆಲ್ಲುವುದು ಬೆರೆಸಿದವನೇ.

ಕಂತಿನ ಕಣ್ಕಟ್ಟು

'ತಿಂಗಳಿಗೆ ಎಷ್ಟು?' ಎಂಬ ಪ್ರಶ್ನೆಗೆ ಮರಳಬೇಕು. ಆರು ಲಕ್ಷ ರೂಪಾಯಿ ಸಾಲಕ್ಕೆ ಶೇ. 9.5 ಬಡ್ಡಿಯಾದರೆ ಐದು ವರ್ಷಕ್ಕೆ ಕಂತು ಸುಮಾರು 12,600 ರೂಪಾಯಿ. ಅಷ್ಟು ಆಗದು ಎಂದು ಗಿರಾಕಿ ಮುಖ ಸಣ್ಣದು ಮಾಡಿದೊಡನೆ ಪ್ರತಿನಿಧಿ ಗಣಕಯಂತ್ರ ಒತ್ತಿ ಏಳು ವರ್ಷಕ್ಕೆ ಹಿಗ್ಗಿಸುತ್ತಾನೆ. ಕಂತು ಸುಮಾರು 9,800ಕ್ಕೆ ಇಳಿಯುತ್ತದೆ. ತಿಂಗಳಿಗೆ 2,800 ರೂಪಾಯಿ ಉಳಿತಾಯವೆಂದು ಮನೆಯವರೆಲ್ಲ ಹಗುರಾಗುತ್ತಾರೆ. ಆದರೆ ಒಟ್ಟು ತೆರುವ ಹಣ 7 ಲಕ್ಷ 56 ಸಾವಿರದಿಂದ 8 ಲಕ್ಷ 24 ಸಾವಿರಕ್ಕೆ ಏರಿರುತ್ತದೆ. ಇಳಿದಂತೆ ಕಂಡದ್ದು ಬೆಲೆಯಲ್ಲ, ಸಾಲದ ಹಗ್ಗ ಎರಡು ವರ್ಷ ಉದ್ದವಾಗಿದೆ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಇಲ್ಲಿ ಕಾಲು ಚಾಚಲೆಂದೇ ಹಾಸಿಗೆಯನ್ನು ಬಾಡಿಗೆಗೆ ಕೊಡಲಾಗುತ್ತಿದೆ.

ಕೆಜಿಎಫ್‌ನಲ್ಲಿ ಈ ಲೆಕ್ಕಕ್ಕೆ ಬೇರೆಯೇ ತೂಕವಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಆ ಊರಿನ ದುಡಿಯುವ ಕೈಗಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕತ್ತಲಲ್ಲಿ ಮರಳುತ್ತಿವೆ. ಗುತ್ತಿಗೆಯ ಕೆಲಸ, ಪಾಳಿಯ ಕೆಲಸ. ಮುಂದಿನ ವರ್ಷ ಇದ್ದೀತೋ ಇಲ್ಲವೋ ಹೇಳಲಾಗದ ಕೆಲಸ. ಒಂದು ವರ್ಷದ ಖಾತರಿಯಿಲ್ಲದ ಸಂಬಳಕ್ಕೆ ಏಳು ವರ್ಷದ ಕಂತನ್ನು ಕಟ್ಟುವುದು ವ್ಯಾಪಾರವಲ್ಲ, ಬಲೆ.

ಮಾರುವ ಹುಡುಗನೂ ಊರಿನ ಮಗನೇ

ಇಷ್ಟನ್ನು ಹೇಳಿ ತಪ್ಪನ್ನು ಷೋರೂಮಿನ ಯುವಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ. ಆ ಕೊರಳಪಟ್ಟಿಯ ಹುಡುಗ ಬಹುಶಃ ರಾಬರ್ಟ್‌ಸನ್‌ಪೇಟೆಯವನು, ಬೇತಮಂಗಲದವನು, ಮಾಲೂರಿನವನು. ಅವನ ಕೈಗೆ ಬರುವ ಮೂಲ ಸಂಬಳ ಕಡಿಮೆ; ಉಳಿದುದೆಲ್ಲ ಮಾರಿದ ಗಾಡಿ, ಒಪ್ಪಿಸಿದ ವಿಮೆ, ಅಂಟಿಸಿದ ಬಿಡಿಭಾಗಗಳ ಮೇಲಿನ ಕಮಿಷನ್. ತಿಂಗಳ ಕೊನೆಯಲ್ಲಿ ಗುರಿ ಮುಟ್ಟದಿದ್ದರೆ ಮೇಲಿನವರ ಬೈಗುಳ. 'ಈ ಆಫರ್ ಇವತ್ತು ಸಂಜೆವರೆಗೆ ಮಾತ್ರ ಸಾರ್' ಎಂದು ಅವನು ಅಂಗಲಾಚುವಾಗ ಅದು ಪೂರ್ತಿ ಸುಳ್ಳೂ ಅಲ್ಲ; ಸಂಜೆ ಮುಗಿಯುವುದು ಅವನ ಗಡುವು. ಅವನೊಡನೆ ಜಗಳವಾಡಬೇಕಿಲ್ಲ. 'ನಾಳೆ ಬರ್ತೀನಿ ತಮ್ಮ, ಎಲ್ಲವನ್ನೂ ಸಾಲುಸಾಲಾಗಿ ಬರೆದುಕೊಡು' ಎಂದು ಎದ್ದು ಬಂದರೆ ಸಾಕು. ಬರೆದುಕೊಡದ ರಿಯಾಯಿತಿ ರಿಯಾಯಿತಿಯೇ ಅಲ್ಲ. ಹಿಂದಿರುಗಿಸುವುದಾಗಿ ಬರೆದುಕೊಡದ ಮುಂಗಡವನ್ನು ಕೊಡಬೇಕಾಗಿಯೇ ಇಲ್ಲ.

ಒಂದು ಕಾಲದಲ್ಲಿ ಈ ದೇಶದಲ್ಲಿ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗಲೂ ಸರದಿಯ ಸಾಲೇ. ಅಂದು ಗಿರಾಕಿ ಕಾರನ್ನು ಬೇಡುತ್ತಿದ್ದ. ಇಂದು ಕಾರು ಗಿರಾಕಿಯನ್ನು ಬೇಟೆಯಾಡುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಸೆಸ್ ಹೋಯಿತು. ದೊಡ್ಡ ಗಾಡಿಗಳಿಗೆ ಶೇ. 40 ಎಂದು ಗದರಿದಂತೆ ಕಂಡರೂ, ಸೆಸ್ ಸೇರಿ ಶೇ. 50ರವರೆಗೆ ತೆರುತ್ತಿದ್ದ ಭಾರಿ ಗಾಡಿಗಳಿಗೂ ಅದು ಇಳಿಕೆಯೇ. ಹೆಚ್ಚು ಪೆಟ್ರೋಲು ಕುಡಿಯುವ, ಹೆಚ್ಚು ರಸ್ತೆ ಕಬಳಿಸುವ ಗಾಡಿಗೂ ಸರ್ಕಾರವೇ ರಿಯಾಯಿತಿ ಕೊಟ್ಟಮೇಲೆ ಷೋರೂಮಿನ ಹುಡುಗನನ್ನು ಏಕೆ ದೂರಬೇಕು?

ಚೀಟಿಯಲ್ಲಿ ಬರೆಯದ ಸಾಲು

ಚೀಟಿಯ ಕೊನೆಯ ಸಾಲಿಗೆ 'ಆನ್‌ರೋಡ್ ಬೆಲೆ' ಎಂದು ಹೆಸರು. ಆದರೆ ಆ ಬೆಲೆಯಲ್ಲಿ ರಸ್ತೆಯ ಬೆಲೆ ಎಲ್ಲಿದೆ? ಅಗಲೀಕರಣಕ್ಕೆ ಉರುಳಿದ ಹುಣಸೆ, ಆಲದ ಮರಗಳ ಬೆಲೆ ಎಲ್ಲಿದೆ? ಜರಿದ ಗುಡ್ಡದ, ಮಣ್ಣು ತುಂಬಿದ ಹಳ್ಳದ ಬೆಲೆ ಎಲ್ಲಿದೆ? ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಅದನ್ನು ಯಾರ ಖಾತೆಗೆ ಬರೆಯಬೇಕು?

ಬರೆಯದ ಸಾಲಿನ ಗತಿ ಏನಾಗುತ್ತದೆಂಬುದನ್ನು ತಿಳಿಯಲು ಕೆಜಿಎಫ್‌ಗಿಂತ ಒಳ್ಳೆಯ ಪಾಠಶಾಲೆಯಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ 2001ರವರೆಗೆ ಆ ನೆಲ ಸುಮಾರು 800 ಟನ್ ಚಿನ್ನ ಕೊಟ್ಟಿತು. ಚಿನ್ನಕ್ಕೆ ಗ್ರಾಮಿನ ಲೆಕ್ಕವಿತ್ತು. ಆದರೆ ಅರೆದು ಸೈನೈಡಿನಲ್ಲಿ ತೊಳೆದು ಬಿಸುಟ ಮಣ್ಣಿಗೆ, ದೂಳು ಕುಡಿದು ಸಿಲಿಕೋಸಿಸ್ ಹಿಡಿದ ಎದೆಗಳಿಗೆ ಚಿನ್ನದ ಬೆಲೆಯಲ್ಲಿ ಸಾಲಿರಲಿಲ್ಲ. ಲಾಭ ಹೋದವರು ಹೋದರು. ಮೂರು ಕೋಟಿ ಟನ್ನಿಗೂ ಹೆಚ್ಚಿನ ಮಣ್ಣು ಹದಿಮೂರು ದಿಬ್ಬಗಳಾಗಿ ಉಳಿಯಿತು. ಗಾಳಿಗಾಲದಲ್ಲಿ ಅದರ ದೂಳು ಇಂದಿಗೂ ಲೈನು ಮನೆಗಳ ಅಡುಗೆಮನೆಗೆ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಆ ದಿಬ್ಬಗಳನ್ನು ಮತ್ತೆ ಸೋಸಲು ಒಪ್ಪಿಗೆ ಕೊಟ್ಟಾಗಲೂ ದೊಡ್ಡ ಸುದ್ದಿಯಾದುದು ಅದರಲ್ಲಿ ಉಳಿದಿರುವ ಚಿನ್ನ. ಬೆಲೆಯಲ್ಲಿ ಬರೆಯದ ವೆಚ್ಚ ಮಾಯವಾಗುವುದಿಲ್ಲ. ಕೊಳ್ಳದವರ, ಮಾರದವರ ಮನೆಬಾಗಿಲಿಗೆ ಬಂದು ಕೂರುತ್ತದೆ.

ಅದೇ ಊರಿಗೆ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದಿತು. ಆ ಹಳಿ ಇಂದಿಗೂ ಕೆಜಿಎಫ್‌ನ ಜೀವನಾಡಿ. ಕೆಜಿಎಫ್‌ನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗಿ ಬರಲು ಸುಮಾರು 200 ಕಿಲೋಮೀಟರ್. ಲೀಟರಿಗೆ 18 ಕಿಲೋಮೀಟರ್ ಓಡುವ ಕಾರಿಗೆ 11 ಲೀಟರ್ ಪೆಟ್ರೋಲು. ಒಂದು ದಿನದ ಈ ಖರ್ಚು ರೈಲಿನ ಎರಡನೆಯ ದರ್ಜೆಯ ಇಡೀ ತಿಂಗಳ ಪಾಸಿನ ಬೆಲೆಗಿಂತ ಹೆಚ್ಚು. ಆದರೂ ಮಾರಿಕುಪ್ಪಂನಿಂದ ಕುಪ್ಪಂಗೆ 2011-12ರಲ್ಲಿ ಮಂಜೂರಾದ, ಮೂವತ್ತು ಕಿಲೋಮೀಟರ್ ಕೂಡ ಇಲ್ಲದ ರೈಲುಮಾರ್ಗ ಹತ್ತು ವರ್ಷವಾದರೂ ಮುಗಿಯಲಿಲ್ಲ. 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾದ ಎಕ್ಸ್‌ಪ್ರೆಸ್‌ ಹೆದ್ದಾರಿಯ ಮೇಲೆ ಮೂರು ವರ್ಷದೊಳಗೆ ಕಾರುಗಳು ಓಡಿದವು. ಯಾರಿಗಾಗಿ ಯಾವುದು ಬೇಗ ಮುಗಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ರೈಲನ್ನು ತುಂಬಿ ತುಳುಕಿಸಿ, ಬಸ್ಸನ್ನು ವಿರಳ ಮಾಡಿ, ಬೇಸತ್ತವರನ್ನು ಷೋರೂಮಿನ ಕಡೆಗೆ ನೂಕಿದ ಮೇಲೆ ಅಲ್ಲಿ ನಡೆಯುವ ಚೌಕಾಸಿ ಸ್ವತಂತ್ರ ಚೌಕಾಸಿಯಲ್ಲ.

ಕಾರೇ ಬೇಡವೆಂದು ಹೇಳುವುದು ಸುಲಭ, ಸರಿಯಲ್ಲ. ಗಣಿಯೊಡನೆ ಗಣಿಯ ದೊಡ್ಡ ಆಸ್ಪತ್ರೆಯೂ ಮುಚ್ಚಿಹೋದ ಊರಿನಲ್ಲಿ ಅಪರಾತ್ರಿ ಎದೆನೋವು ಬಂದರೆ ರೈಲು ಕಾಯಲಾಗದು. ಸಂಜೆ ಆರರ ನಂತರ ಬಸ್ಸಿಲ್ಲದ ಮಲೆನಾಡಿನ ಒಂಟಿಮನೆಯವರ ಕಷ್ಟ ಈ ಪತ್ರಿಕೆಯ ಓದುಗರದೇ. ಅಂಥವರು ಗಾಡಿ ಕೊಳ್ಳಲಿ. ಆದರೆ ಹಲ್ಲು ನೋಡಿ ಕೊಳ್ಳಲಿ, ಬೇಕಾದಷ್ಟೇ ಕೊಳ್ಳಲಿ, ನಾಲ್ಕು ಮನೆಯವರು ಸೇರಿ ಒಂದು ಗಾಡಿ ಬಳಸಲಾಗದೇ ಎಂದು ಒಮ್ಮೆ ಯೋಚಿಸಲಿ. ಅಗತ್ಯಕ್ಕೆ ಕೊಂಡವರ ನೆಪದಲ್ಲಿ ಕೊಳ್ಳುಬಾಕತನವನ್ನು ಸಮರ್ಥಿಸುವುದು ಮಾತ್ರ ಬೇಡ. ಜ್ವರಕ್ಕೆ ಔಷಧಿ ಬೇಕೆಂಬುದು ನಿಜ. ಅದಕ್ಕಾಗಿ ಊರಿನ ಬಾವಿಯನ್ನು ಮುಚ್ಚಬೇಕಿಲ್ಲ.

ಮಾಡಬೇಕಾದ ಕೆಲಸ ಎರಡು. ಷೋರೂಮಿನೊಳಗೆ ಒಂದು: ಬೆಲೆಯ ಪ್ರತಿ ಸಾಲನ್ನೂ ಕನ್ನಡದಲ್ಲಿ, ಬರಹದಲ್ಲಿ ಕೇಳುವುದು, ಕೊಳ್ಳುವ ಮಾದರಿಯನ್ನೇ, ತನ್ನ ದಾರಿಯಲ್ಲೇ ಓಡಿಸಿ ನೋಡುವುದು, ಒಪ್ಪಿಗೆಯಾಗದಿದ್ದರೆ ಸಂಕೋಚವಿಲ್ಲದೆ ಎದ್ದು ಬರುವುದು. ಷೋರೂಮಿನ ಹೊರಗೆ ಇನ್ನೊಂದು: ಕಾರಿನಿಂದ ಬಂದ ಜೀವಾವಧಿ ತೆರಿಗೆಯ ಹಣದಲ್ಲಿ ಹಳ್ಳಿಗೆ ಎಷ್ಟು ಬಸ್ಸು ಬಂತೆಂದು ಗ್ರಾಮಸಭೆಯಲ್ಲಿ ಕೇಳುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ಬಾರದ ಬಸ್ಸಿನಲ್ಲಿ ಉಚಿತ ಪ್ರಯಾಣಕ್ಕೆ ಅರ್ಥವಿಲ್ಲ. ವಿದ್ಯಾರ್ಥಿಗಳು ತಮ್ಮೂರಿನ ನಿಲ್ದಾಣದಲ್ಲಿ ಒಂದು ವಾರ ನಿಂತು, ವೇಳಾಪಟ್ಟಿಯ ಎಷ್ಟು ಬಸ್ಸುಗಳು ಬಂದವು, ಎಷ್ಟು ಬರಲಿಲ್ಲ ಎಂದು ಬರೆದಿಟ್ಟರೆ, ಆ ಒಂದು ಹಾಳೆ ಹತ್ತು ಭಾಷಣಗಳಿಗಿಂತ ಹರಿತ.

ಆವಣಿಯ ಜಾತ್ರೆಯಲ್ಲಿ ಹಗ್ಗ ಕೈಬಿಟ್ಟು ನಡೆದ ರೈತನಿಗೆ ಒಂದು ಬಲವಿತ್ತು: ಆ ಜೋಡಿ ಇಲ್ಲದಿದ್ದರೂ ಅವನ ಊರಿಗೆ ದಾರಿಯಿತ್ತು, ಕಾಲಿಗೆ ಕಸುವಿತ್ತು. ಬೇಡವೆಂದು ಎದ್ದು ಬರಬಲ್ಲವನಿಗೆ ಮಾತ್ರ ಚೌಕಾಸಿಯ ಶಕ್ತಿ. ಬೆಳಗಿನ ರೈಲೂ ಹಳ್ಳಿಯ ಬಸ್ಸೂ ಸರಿಯಾಗಿ ಓಡುವ ನಾಡಿನಲ್ಲಿ ಮಾತ್ರ ಕಾರಿಗೆ ನ್ಯಾಯವಾದ ಬೆಲೆ ಹುಟ್ಟೀತು.